ಒಂಬತ್ತನೇ ಷರತ್ತು

"ಮೇಡಂ, ಪೆನ್ನು ಬೇಕಾ?"

"ಬೇಡ. ಇನ್ನೂ ಓದ್ತಿದ್ದೀನಿ."

"ಹತ್ತು ನಿಮಿಷ ಆಯ್ತು..."

"ನಾಲ್ಕು ಪುಟ ಇದೆ ಮಾಸ್ಟ್ರೇ. ಹತ್ತು ನಿಮಿಷ ಆಗೇ ಆಗುತ್ತೆ!"

ಉಷಾರಾಣಿ ತಲೆ ಎತ್ತಲಿಲ್ಲ. ಎತ್ತಿದ್ದರೆ, ಅಂಚು ಸವೆದ ಕಪ್ಪು ಬೆಲ್ಟು ಬಿಗಿದು ಎದುರಿಗೆ ನಿಂತಿದ್ದವನು ನಗು ತಡೆದುಕೊಳ್ಳುತ್ತಿರುವುದು ಕಾಣುತ್ತಿತ್ತು. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡ್ ಹಿಂದೆ, ಗೊಬ್ಬರದ ಅಂಗಡಿಯ ಮಹಡಿ ಮೇಲಿನ ಆ ಕರಾಟೆ ಶಾಲೆಯಲ್ಲಿ, ಸೇರುವ ಕಾಗದವನ್ನು ಕೊನೆಯವರೆಗೂ ಓದಿದ ಮೊದಲನೆಯವಳು ಅವಳೇ.

ಓದದೆ ಏನು ಮಾಡಿಯಾಳು? ಹುಣಸೂರಿನ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿ. ಅತಿಥಿ ಅಂತ ಹೆಸರು ಇಟ್ಟವರು ಯಾರೋ ಪುಣ್ಯಾತ್ಮರು! ಒಂಬತ್ತು ವರ್ಷ ಒಂದೇ ಮನೆಗೆ ಹೋಗುವ ಅತಿಥಿ ಎಲ್ಲಾದರೂ ಉಂಟೇ? ಪ್ರತಿ ವರ್ಷ ಹೊಸ ಆದೇಶ, ಹೊಸ ಷರತ್ತು. ಹೋದ ವರ್ಷ ಅವಳು ವಾರಕ್ಕೆ ಹದಿನೈದು ಗಂಟೆ ಪಾಠ ಮಾಡಿದ್ದರೆ ಹಾಜರಿ ಪುಸ್ತಕದಲ್ಲಿ ಯಾರೋ ಎಂಟು ಅಂತ ಬರೆದಿದ್ದರು. ಮೂರು ತಿಂಗಳ ಸಂಬಳ ನೀರಿಗೆ ಹೋಯಿತು. ಅಂದಿನಿಂದ ಸುಳ್ಳು ಹಾಜರಿ ಅಂದರೆ ಅವಳ ಮೈ ಉರಿಯುತ್ತಿತ್ತು.

ವಯಸ್ಸು ಮೂವತ್ಮೂರು. ನೋಡಲು ಬಂದ ಗಂಡಿನ ಕಡೆಯವರೆಲ್ಲ ಕಾಫಿ ಕುಡಿದು ಕೇಳಿದ್ದು ಒಂದೇ ಮಾತು: "ಕೆಲ್ಸ ಪರ್ಮನೆಂಟಾ?" ಈಗ ಅವರೂ ಬರುವುದಿಲ್ಲ, ಅವಳೂ ಕಾಯುವುದಿಲ್ಲ.

ಇಲ್ಲಿಗೆ ಬಂದದ್ದು ಅಣ್ಣ ಕಾಂತರಾಜನ ಮಗಳು ಶಿವಾನಿಗಾಗಿ. ಹನ್ನೆರಡು ವರ್ಷದ ಹುಡುಗಿ. ಒಂದು ಸಂಜೆ ಸ್ಕೂಲ್ ಬ್ಯಾಗನ್ನು ಎದೆಗೆ ಅಡ್ಡ ಹಿಡಿದುಕೊಂಡು ಬಸ್ಸಿಂದ ಇಳಿದಳು. ಹುಣಸೂರಿನ ಬಸ್ಸಿನಲ್ಲಿ ಒಂಬತ್ತು ವರ್ಷದಿಂದ ಅವಳು ನಿಲ್ಲುತ್ತಿದ್ದದ್ದೂ ಹಾಗೆಯೇ. ಆ ವಿದ್ಯೆಯನ್ನು ಈ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾರನೇ ದಿನದಿಂದಲೇ ವಿಚಾರಿಸತೊಡಗಿದಳು. ಹುಣಸೂರಿನ ಕ್ಲಾಸಿನಲ್ಲಿ ತಿಂಗಳಿಗೆ ಎಂಟುನೂರು, ಆದರೆ ಪ್ರತಿ ಬೆಲ್ಟಿನ ಪರೀಕ್ಷೆಗೂ ಬೇರೆ ಸಾವಿರದಿನ್ನೂರು. ಕೆ.ಆರ್. ನಗರದಲ್ಲಿ ಅಗ್ಗ, ಆದರೆ ಹೋಗಿ ಬರುವುದರಲ್ಲೇ ಮಗು ಸುಸ್ತಾಗುತ್ತದೆ. ಇಲ್ಲಿ ಹದಿನೆಂಟು ತಿಂಗಳಿಗೆ ಹದಿನೆಂಟು ಸಾವಿರ, ಮೂರು ಕಂತು, ಬಟ್ಟೆ ಪರೀಕ್ಷೆ ಎಲ್ಲ ಸೇರಿ. ಮೂರನೇ ಕಂತು ಅಣ್ಣನ ಹೊಗೆಸೊಪ್ಪು ಹರಾಜಾದ ಮೇಲೆ ಕಟ್ಟಿದರಾಯಿತು.

"ಆರನೇ ಷರತ್ತು," ಅಂದಳು ಉಷಾ. "ಕಟ್ಟಿದ ಹಣ ಯಾವ ಕಾರಣಕ್ಕೂ ವಾಪಸ್ ಇಲ್ಲ. ಮಗು ಕಾಲು ಮುರ್ಕೊಂಡ್ರೆ?"

"ಇಲ್ಲ ಮೇಡಂ."

"ಮಾಸ್ಟ್ರೇ ಕೆಲ್ಸ ಬಿಟ್ಟು ಹೋದ್ರೆ?"

"ಆಗ್ಲೂ ಇಲ್ಲ."

"ಇದನ್ನ ಜನರ ಮುಂದೆ ಇಡೋಕೆ ನಾಚಿಕೆ ಆಗಲ್ವಾ?"

ತಗ್ಗಿದ ದನಿಯಲ್ಲಿ ಉತ್ತರ ಬಂತು.

"ಆಗುತ್ತೆ. ಬರ್ದೋನು ನಾನಲ್ಲ ಮೇಡಂ, ಮೈಸೂರಿನ ಮೇನ್ ಬ್ರಾಂಚು. ನಾನು ತಿಂಗಳ ಸಂಬಳದೋನು. ವರ್ಷಕ್ಕೊಂದ್ಸಲ ನಂಗೂ ಇಂಥದ್ದೇ ಕಾಗದ ಕೊಡ್ತಾರೆ. ಕಲಿಸೋದು ಮಾತ್ರ ನಂದು. ಅದ್ರಲ್ಲಿ ಮೋಸ ಇರಲ್ಲ."

ಆಗ ಅವಳು ತಲೆ ಎತ್ತಿದಳು. ಕಣ್ಣಿನ ಕೆಳಗೆ ಕಪ್ಪು, ಹಣೆಯಲ್ಲಿ ವಿಭೂತಿಯ ಅಳಿದುಳಿದ ಗೆರೆ. ಹೆಸರು ನಂಜುಂಡೇಶ್. 'ಇವನಿಗೂ ನನ್ನಷ್ಟೇ ಸುಸ್ತು' ಅನ್ನಿಸಿತು ಅವಳಿಗೆ. ನಗಬೇಡಿ... ಕೆಲವರಿಗೆ ಪ್ರೀತಿ ಹುಟ್ಟುವುದು ಹೀಗೂ ಉಂಟು!

ಒಂಬತ್ತನೇ ಷರತ್ತನ್ನೂ ಅವಳು ಓದಿದಳು. ಸತತ ಮೂವತ್ತು ದಿನ ಗೈರಾದರೆ ಸದಸ್ಯತ್ವ ರದ್ದು. ಮತ್ತೆ ಪೂರ್ತಿ ಹಣ ಕಟ್ಟಿ ಬಿಳಿ ಬೆಲ್ಟಿನಿಂದ ಶುರು ಮಾಡಬೇಕು. 'ಇಷ್ಟು ದುಡ್ಡು ಕಟ್ಟಿ ಮೂವತ್ತು ದಿನ ಯಾರು ತಪ್ಪಿಸ್ತಾರೆ?' ಅಂದುಕೊಂಡು ಸಹಿ ಹಾಕಿದಳು.

ಅವಳು ಎಡವಿದ್ದು ಅಲ್ಲೇ.

* * *

ಜೂನ್, ಜುಲೈ ಸುಖವಾಗಿ ಕಳೆದವು. ಸಂಜೆ ಆರಕ್ಕೆ ಉಷಾ ಬಸ್ಸಿಂದ ಇಳಿದು ಮಹಡಿ ಹತ್ತುವಳು. ಕ್ಲಾಸ್ ಮುಗಿಯಲು ಇನ್ನೂ ಅರ್ಧ ಗಂಟೆ. ಗೋಡೆ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಕೂತ ಐದೇ ನಿಮಿಷಕ್ಕೆ ಕಣ್ಣು ಎಳೆಯುತ್ತಿತ್ತು.

ಒಂದು ದಿನ ಎಚ್ಚರವಾದಾಗ ಅವಳಿಗೆ ವಿಚಿತ್ರ ಅನ್ನಿಸಿತು. ಇಪ್ಪತ್ತು ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದಾರೆ, ಒದೆಯುತ್ತಿದ್ದಾರೆ... ಒಬ್ಬರ ಬಾಯಲ್ಲೂ ಸದ್ದಿಲ್ಲ!

"ಏನೇ ಶಿವಾನಿ, ಇವತ್ತು ಯಾರೂ ಕೂಗ್ತಿಲ್ಲ?"

ಶಿವಾನಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದಳು. "ನೀವು ಮಲಗಿದ್ರಲ್ಲ ಅತ್ತೆ! 'ಇವತ್ತು ಮನಸ್ಸಲ್ಲೇ ಕೂಗ್ಕೊಳ್ಳಿ' ಅಂದ್ರು ಮಾಸ್ಟ್ರು. ಇವತ್ತೊಂದೇ ಅಲ್ಲ, ದಿನಾ ಹಂಗೇ!"

ಉಷಾಳ ಕಿವಿಯವರೆಗೂ ಬಿಸಿಯಾಯಿತು. ಅವಳ ನಿದ್ದೆಯನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡು ಎಷ್ಟು ಕಾಲವಾಗಿತ್ತು!

ಅವತ್ತು ಮೆಟ್ಟಿಲ ಬಳಿ ಅವನು ತಡೆದು ನಿಲ್ಲಿಸಿದ.

"ಮೇಡಂ, ತಪ್ಪು ತಿಳೀಬೇಡಿ. ಬಸ್ಸಲ್ಲಿ ಬ್ಯಾಗ್ ಎದೆಗೆ ಅಡ್ಡ ಹಿಡ್ಕೊಂಡು ಬರ್ತೀರಲ್ಲ, ಭುಜ ನೋಯಲ್ವಾ?"

"ಒಂಬತ್ತು ವರ್ಷದಿಂದ ನೋಯ್ತಿದೆ."

"ಬ್ಯಾಗ್ ಕೆಳಗಿಡಿ. ಮೊಣಕೈ ಹಿಂಗೆ... ಸ್ವಲ್ಪ ಆಚೆಗೆ. ಈಗ ಯಾರಾದ್ರೂ ಮೇಲೆ ಬಿದ್ರೆ ನೋವು ಅವರಿಗೆ."

ಎರಡೇ ಬೆರಳಿನಿಂದ ಅವಳ ಮೊಣಕೈಯನ್ನು ಸರಿಯಾಗಿ ಇಟ್ಟು ಕೈ ತೆಗೆದುಬಿಟ್ಟ. ಅಷ್ಟೇ. ಆದರೆ ರಾತ್ರಿ ಮುದ್ದೆ ನುಂಗುವಾಗಲೂ ಅವಳ ಮೊಣಕೈಗೆ ಆ ಎರಡು ಬೆರಳ ನೆನಪಿತ್ತು.

* * *

ಆಗಸ್ಟ್ ಬಂತು. ಹೊಗೆಸೊಪ್ಪು ಮುರಿಯುವ ಕಾಲ.

ಪಿರಿಯಾಪಟ್ಟಣದ ಕಡೆಯವರಿಗೆ ಹೇಳಬೇಕಾಗಿಲ್ಲ. ಸೊಪ್ಪು ಬೇಯಿಸುವ ಬ್ಯಾರನ್‌ ಗೂಡಿಗೆ ಬೆಂಕಿ ಹಾಕಿದರೆ ಮನೆಮಂದಿಯೆಲ್ಲ ಅದರ ಸುತ್ತ. ಗಂಡಸರು ಹೊಲದಿಂದ ಸೊಪ್ಪು ತಂದು ಸುರಿಯಬೇಕು, ಹೆಂಗಸರು ಮಕ್ಕಳು ಕಡ್ಡಿಗೆ ಕಟ್ಟಬೇಕು, ಉರಿ ಒಂದಳತೆಗೆ ಇರಬೇಕು. ಸ್ಕೂಲಿಗೇ ಅರ್ಧ ಮಕ್ಕಳು ಚಕ್ಕರ್. ಇನ್ನು ಕರಾಟೆಗೆ ಹೋಗುವವರು ಯಾರು? ಶಿವಾನಿ ಕ್ಲಾಸು ನಿಲ್ಲಿಸಿದಳು. ಅವಳಂತೆ ಇನ್ನೂ ಹತ್ತು ಮಕ್ಕಳು ನಿಲ್ಲಿಸಿದರು.

ಉಷಾಗೂ ಅದೇ ಗಾಣ. ಬೆಳಿಗ್ಗೆ ಏಳರ ಬಸ್ಸಿಗೆ ಹೊರಟರೆ ಬರುವುದು ಸಂಜೆ. ಬಂದವಳೇ ಅಂಟು ಸೊಪ್ಪಿನ ಮುಂದೆ ಕೂರಬೇಕು. ಕಟ್ಟುತ್ತ ಕಟ್ಟುತ್ತ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು.

ಎರಡು ತಿಂಗಳು ಅವನನ್ನು ನೋಡಲಿಲ್ಲ. 'ಒಂದು ಫೋನೂ ಇಲ್ಲ... ಬೆರಳು ಬೆಚ್ಚಗಿತ್ತು ಅಂತ ನಾನೇ ಏನೇನೋ ಅಂದ್ಕೊಂಡ್ನಾ?' ಅನ್ನಿಸಿ ಮನಸ್ಸು ಮುದುಡುತ್ತಿತ್ತು.

ಅಕ್ಟೋಬರ್ ಮೊದಲ ವಾರ ಶಿವಾನಿಯನ್ನು ಮತ್ತೆ ಕರೆದುಕೊಂಡು ಮಹಡಿ ಹತ್ತಿದಳು. ನಂಜುಂಡೇಶ್ ಇನ್ನೂ ಬಂದಿರಲಿಲ್ಲ. ಮೇಜಿನ ಮೇಲೆ ಹಾಜರಿ ಪುಸ್ತಕ ಬಿಚ್ಚಿತ್ತು. ಶಿವಾನಿಯ ಹೆಸರಿನ ಮುಂದೆ ಆಗಸ್ಟ್ ಪೂರ್ತಿ ಹಾಜರು. ಸೆಪ್ಟೆಂಬರ್ ಪೂರ್ತಿ ಹಾಜರು! ಬರದ ಹನ್ನೊಂದು ಮಕ್ಕಳಿಗೂ ಹಾಗೆಯೇ. ಕೆಳಗೆ ಅವನದೇ ಸಹಿ.

ಉಷಾ ಪುಟ ತಿರುಗಿಸಿ ಮತ್ತೆ ನೋಡಿದಳು.

'ಬರದೇ ಇರೋ ಮಕ್ಕಳ ಹೆಸರಲ್ಲಿ ಸಂಬಳ ತಗೊಳ್ತಿದ್ದಾನಾ? ಮೋಸ ಇರಲ್ಲ ಅಂದ ಬಾಯಲ್ಲೇ... ಇವನೂ ಇಷ್ಟೇನಾ?'

ಕೇಳಬಹುದಿತ್ತು. ಹತ್ತು ನಿಮಿಷ ಕಾದು, "ಇದೇನು ಮಾಸ್ಟ್ರೇ?" ಅಂತ ಒಂದೇ ಒಂದು ಮಾತು ಕೇಳಬಹುದಿತ್ತು. ಆದರೆ ಒಂಬತ್ತು ವರ್ಷ ಕೇಳಿ ಕೇಳಿ ಬಾಯಿ ಸೋತವಳು ಅವಳು. ಮಗುವನ್ನು ಎಳೆದುಕೊಂಡು ಇಳಿದುಬಿಟ್ಟಳು. ಊರಿಗೆ ಹೋಗುವ ಬಸ್ಸಿನಲ್ಲಿ ಕೂತು ಫೋನಿನಲ್ಲೇ ಮೈಸೂರಿನ ಮೇನ್ ಬ್ರಾಂಚಿಗೆ ದೂರು ಬರೆದು ಕಳಿಸಿದಳು. ಕಳಿಸಿದ ಮೇಲೆ ಅತ್ತಳು. ಯಾಕೆ ಅಂತ ಅವಳಿಗೇ ಗೊತ್ತಾಗಲಿಲ್ಲ.

* * *

ಐದೇ ದಿನ. ಏನಾಯಿತೆಂದು ನೋಡಲು ಶಿವಾನಿಯ ಜೊತೆ ಮತ್ತೆ ಬಂದಳು. ಮಹಡಿ ಮೇಲೆ ಬೇರೆ ಮಾಸ್ಟರು, ಬಾಗಿಲಿಗೆ ಅಂಟಿಸಿದ ನೋಟಿಸು.

"ಪೋಷಕರೊಬ್ಬರ ದೂರಿನ ಮೇರೆಗೆ ಪರಿಶೀಲಿಸಲಾಗಿ, ಕೆಳಕಂಡ ಹನ್ನೊಂದು ವಿದ್ಯಾರ್ಥಿಗಳು ಸತತ ಮೂವತ್ತು ದಿನಗಳಿಗೂ ಮೀರಿ ಗೈರಾಗಿರುವುದು ಕಂಡುಬಂದಿದೆ. ಒಂಬತ್ತನೇ ಷರತ್ತಿನಂತೆ ಇವರ ಸದಸ್ಯತ್ವ ರದ್ದಾಗಿದೆ..."

ಉಷಾ ಎರಡು ಸಲ ಓದಿದಳು. ಮೂರನೇ ಸಲ ಕಣ್ಣು ಮಂಜಾಯಿತು.

ಒಂಬತ್ತನೇ ಷರತ್ತು... ಅಯ್ಯೋ ದೇವರೇ! ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲಿ ಹುಟ್ಟಿ, ಸೊಪ್ಪಿನ ಕಾಲವನ್ನೇ ಮರೆತು ಸಹಿ ಹಾಕಿದ್ದೆನಲ್ಲ! ಅವನು ಮರೆತಿರಲಿಲ್ಲ. ಮಕ್ಕಳ ಹೆಸರು ಹೊಡೆದು ಹಾಕಬಾರದು ಅಂತ ಹಾಜರಿ ಹಾಕುತ್ತಿದ್ದ.

"ನೀವೇನಾ ಅತ್ತೆ ಕಂಪ್ಲೇಂಟ್ ಕೊಟ್ಟಿದ್ದು?" ಶಿವಾನಿ ಅತ್ತೆಯ ಕೈ ಬಿಡಿಸಿಕೊಂಡಳು. "ಮಾಸ್ಟ್ರು ವಾರಕ್ಕೆ ಎರಡು ಮಧ್ಯಾಹ್ನ ನಮ್ಮ ಬ್ಯಾರನ್ ಹತ್ರನೇ ಬಂದು ಹೇಳಿಕೊಡ್ತಿದ್ರು! ಹನ್ನೊಂದು ಜನಕ್ಕೂ! ಆಫೀಸಿಗೆ ಗೊತ್ತಾದ್ರೆ ಬಿಡಲ್ಲ, ಯಾರಿಗೂ ಹೇಳಬೇಡಿ ಅಂದಿದ್ರು..."

ಮನೆಗೆ ಬಂದವಳೇ ತಾಯಿಯನ್ನು ಕೇಳಿದಳು. ಸುಂದ್ರಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಿದಳು.

"ಊಂ ಕಣವ್ವ, ಬತ್ತಿತ್ತು ಆ ಉಡ್ಗ. ಬಿಸ್ಲಲ್ಲಿ ಬಂದು ಮಕ್ಳುನ್ನ ಕುಣಿಸ್ಬುಟ್ಟು, ನಾಕ್ ಕಟ್ಟು ಸೊಪ್ಪೂ ಕಟ್ಕೊಟ್ಟು ಓಗದು. ಮುದ್ದೆ ಇಕ್ಕಿದ್ರೆ ಒಂದು ತುತ್ತೂ ಬುಡ್ತಿರ್ನಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ ಅವ್ವಾ?"

"ಏಳಕ್ಕೆ ನೀನೆಲ್ಲಿ ಎಚ್ರ ಇರ್ತಿದ್ದೆ? ಬರದು, ಬೀಳದು. ನಿನ್ ಮಕ ನೋಡಿದ್ರೆ ಮಾತಾಡ್ಸಕ್ಕೇ ಅಯ್ಯೋ ಅನ್ಸದು."

ಉಷಾ ಕಂಬಕ್ಕೆ ಒರಗಿ ಕೂತಳು. ಬೇಕಾದ್ದೆಲ್ಲ ಅವಳ ಮನೆಯ ಅಂಗಳದಲ್ಲೇ ನಡೆದಿತ್ತು, ಅವಳಿಗೆ ನೋಡಲು ತ್ರಾಣ ಇರಲಿಲ್ಲ.

* * *

ಮುಂದಿನ ಎರಡು ಭಾನುವಾರ ಅವಳು ಹನ್ನೊಂದು ಮನೆಗಳನ್ನು ಹತ್ತಿ ಇಳಿದಳು. ಅವಳದೇ ಮನೆಯಿಂದ ಶುರು. ದೂರು ಕೊಟ್ಟವಳು ನಾನೇ, ಅಂತ ತಾನೇ ಹೇಳಿದಳು. ಅಣ್ಣ ಬೈಯಲಿಲ್ಲ, ಎದ್ದು ಹೊಲಕ್ಕೆ ಹೋದ. ಕೊನೆ ಮನೆಯ ರಾಚಮ್ಮ, ಮೊಮ್ಮಗಳನ್ನು ಸೇರಿಸಿದ್ದವಳು, ಮುಖಕ್ಕೆ ಹೊಡೆದ ಹಾಗೆ ಕೇಳಿದಳು.

"ಓದ್ದೋಳು ಅಂತ ನಿನ್ನ ನಂಬುದ್ವಲ್ಲವ್ವ! ಎಲ್ಡು ಕಂತು ಕಟ್ಟಿದ್ದು ಓಯ್ತು. ಆ ಮಾದೇವ್ನಂತ ಮೇಷ್ಟ್ರ ಅನ್ನನೂ ಕಿತ್ತೆ!"

"ಹೌದಮ್ಮ. ನಂದೇ ತಪ್ಪು."

ತಪ್ಪು ಒಪ್ಪಿಕೊಂಡವಳ ಮುಂದೆ ಎಷ್ಟು ಹೊತ್ತು ಬೈಯಲಾದೀತು? ರಾಚಮ್ಮ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಳು. "ಕುಡಿ. ಮಕ ನೋಡು, ಎಂಗಾಗದೆ. ಈಗೇನ್ ಮಾಡೀಯೆ?"

"ಹೋಗಿ ಕರೀತೀನಿ. ಬಂದ್ರೆ ನೀವು ಮೊಮ್ಮಗಳನ್ನ ಕಳಿಸ್ತೀರಾ?"

"ಅವ್ನು ಬಂದ್ರೆ ನಾನೂ ಕಲೀತೀನಿ, ಓಗು!"

ಎಲ್ಲಿ ಅಂತ ಹುಡುಕುವುದು? ಅವನ ಫೋನು ಸ್ವಿಚ್ ಆಫ್. ಕಡೆಗೆ ದಾರಿ ತೋರಿಸಿದವನು ಗೊಬ್ಬರದ ಅಂಗಡಿಯ ಶಿವನಂಜಪ್ಪ. "ಸರಗೂರಿನೋನಲ್ವಾ ಮೇಡಂ. ಬೀಚನಹಳ್ಳಿ ಹತ್ರ ಯಾವ್ದೋ ರೆಸಾರ್ಟ್ ಗೇಟಲ್ಲಿ ಸೆಕ್ಯೂರಿಟಿ ಆಗವ್ನೆ. ಬ್ಲ್ಯಾಕ್ ಬೆಲ್ಟು ಕಟ್ಟಿದೋನು... ಏನ್ ಮಾಡೋದು ಬುಡಿ."

* * *

ಪಿರಿಯಾಪಟ್ಟಣದಿಂದ ಹುಣಸೂರು. ಅಲ್ಲಿಂದ ಎಚ್.ಡಿ. ಕೋಟೆ. ಕೋಟೆಯಿಂದ ಇನ್ನೊಂದು ಬಸ್ಸು. ಮೂರೂ ಬಸ್ಸಿನಲ್ಲಿ ನಿಂತೇ ಬಂದಳು. ಬ್ಯಾಗು ಕೆಳಗೆ, ಮೊಣಕೈ ಸ್ವಲ್ಪ ಆಚೆಗೆ. ಬೀಚನಹಳ್ಳಿ ದಾಟಿ ಗೇಟಿನ ಮುಂದೆ ಇಳಿದಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು.

ನೀಲಿ ಯೂನಿಫಾರ್ಮಿನವನು ಎದ್ದು ನಿಂತು, ನೆಲ ನೋಡುತ್ತಲೇ ಸಲ್ಯೂಟ್ ಹೊಡೆದ.

"ಬುಕಿಂಗ್ ಇದೆಯಾ ಮೇಡಂ?"

"ಇಲ್ಲ ಮಾಸ್ಟ್ರೇ."

ಎತ್ತಿದ ಕೈ ಹಾಗೇ ನಿಂತಿತು. ಅವನ ಮುಖದಲ್ಲಿ ಮೊದಲು ಸಂತೋಷ ಬಂತು, ಆಮೇಲೆ ನೆನಪು ಬಂತು. ಸಂತೋಷ ಮೊದಲು ಬಂದದ್ದನ್ನು ಅವಳು ನೋಡಿದಳು.

"ದೂರು ಕೊಟ್ಟಿದ್ದು ನಾನು," ಅಂದಳು ಒಂದೇ ಉಸಿರಿಗೆ.

"ಗೊತ್ತು. ಹೆಸರು ತೋರಿಸೇ ಕಳಿಸಿದ್ರು."

"ಬೈಯಿರಿ."

"ಯಾಕೆ? ನೀವು ಬರೆದಿದ್ದು ಸರೀನೇ. ಸುಳ್ಳು ಹಾಜರಿ ಸುಳ್ಳೇ ಕಣ್ರೀ." ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡ. "ಒಂದೇ ನೋವು. ನನ್ನ ಕೇಳಬಹುದಿತ್ತಲ್ಲ?"

ಅಷ್ಟೇ ಮಾತು. ಅವಳ ಕಣ್ಣು ತುಂಬಿ ಹರಿಯಿತು.

"ನೀವೂ ಹೇಳಬಹುದಿತ್ತು! ವಾರಕ್ಕೆ ಎರಡು ಸಲ ನಮ್ಮನೆಗೇ ಬರ್ತಿದ್ರಂತೆ. ಒಂದಿನ ಸಂಜೆ ತನಕ ಇರೋಕಾಗ್ಲಿಲ್ವಾ?"

"ಇದ್ದೆ."

"ಏನು?"

"ಒಂದಿನ ಇದ್ದೆ. ಎಲ್ಲಾ ಹೇಳಬೇಕು ಅಂತಾನೇ ಕಾದೆ. ಹಾಜರಿ ವಿಷಯ... ಇನ್ನೂ ಒಂದು ವಿಷಯ. ನೀವು ಬಂದು ಸೊಪ್ಪು ಕಟ್ತಾ ಕೂತ್ರಿ. ನಾನು ಬ್ಯಾರನ್ ಹಿಂದಿಂದ ಬರೋದ್ರೊಳಗೆ ಗೋಡೆಗೆ ಒರಗಿ ನಿದ್ದೆ ಹೋಗಿದ್ರಿ. ಕೈಯಲ್ಲಿ ಸೊಪ್ಪು ಹಂಗೇ ಇತ್ತು." ಅವನ ದನಿ ಇಳಿಯಿತು. "ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಹೊರಟುಬಿಟ್ಟೆ."

ಉಷಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂತು.

ಬ್ಯಾಗಿನಿಂದ ಮಡಿಸಿದ ಒಂದು ಹಾಳೆ ತೆಗೆದು ಅವನ ಕೈಗಿಟ್ಟಳು.

"ಓದಿ. ಪೂರ್ತಿ ಓದಿ."

ಅವಳದೇ ದುಂಡು ಅಕ್ಷರ. ನಾಲ್ಕು ಪುಟ ಅಲ್ಲ, ಒಂದೇ ಪುಟ. ಬಂದ ತಿಂಗಳಿಗೆ ಮಾತ್ರ ಫೀಸು. ಬೆಲ್ಟ್ ಪರೀಕ್ಷೆಗೆ ಎಷ್ಟು ಅಂತ ಸೇರುವ ದಿನವೇ ಹೇಳಬೇಕು. ಸೊಪ್ಪಿನ ಕಾಲದಲ್ಲಿ ಕ್ಲಾಸು ಬ್ಯಾರನ್ ಹತ್ತಿರ, ಹಾಜರಿಯೂ ಅಲ್ಲೇ. ಉಳಿದ ಕಾಲದಲ್ಲಿ ಕಾಂತರಾಜನ ಸೊಪ್ಪಿನ ಕೊಟ್ಟಿಗೆ, ಬಾಡಿಗೆ ಇಲ್ಲ. ಕೆಳಗೆ ಹನ್ನೊಂದು ಮನೆಯವರ ಸಹಿ, ಅದರಲ್ಲಿ ರಾಚಮ್ಮನ ಹೆಬ್ಬೆಟ್ಟು.

ನಂಜುಂಡೇಶ್ ಓದುತ್ತ ಓದುತ್ತ ಎಂಟನೇ ಷರತ್ತಿಗೆ ಬಂದು ನಿಂತ.

"ಒಂಬತ್ತನೇದು ಖಾಲಿ ಇದೆ."

"ಅದು ಮಕ್ಕಳಿಗಲ್ಲ." ಉಷಾ ಆ ಖಾಲಿ ಜಾಗಕ್ಕೆ ಬೆರಳಿಟ್ಟಳು. "ನಮ್ಮಿಬ್ಬರಿಗೆ. ನೀವು ಅವತ್ತು ಹೇಳದೇ ಹೋದ ಇನ್ನೊಂದು ವಿಷಯ ಏನು ಅಂತ ನಂಗೆ ಗೊತ್ತಿಲ್ಲ. ನಂದು ಹೇಳ್ತೀನಿ. ನಂಗೆ ನೀವು ಬೇಕು. ಆ ಕುರ್ಚಿಲಿ ಕೂತಾಗ ಮಾತ್ರ ನಂಗೆ ನೆಮ್ಮದಿ ನಿದ್ದೆ ಬರ್ತಿದ್ದಿದ್ದು. ಅಷ್ಟೇ!"

ಅವನು ಹಾಳೆಯನ್ನು ಇನ್ನೊಮ್ಮೆ ಮೇಲಿಂದ ಓದಿದ.

"ಇಲ್ಲಿ ಕೊಡೋವಷ್ಟೂ ಹುಟ್ಟಲ್ಲ ಆ ಕೊಟ್ಟಿಗೇಲಿ."

"ನಂಗೂ ಹತ್ತೇ ತಿಂಗಳು ಸಂಬಳ. ಅದೂ ಬಂದ್ರೆ ಬಂತು."

"ಕೆಲ್ಸ ಪರ್ಮನೆಂಟ್ ಅಲ್ಲ ನಂದು."

"ಆ ಪ್ರಶ್ನೆ ನಾನು ಯಾರಿಗೂ ಕೇಳಲ್ಲ ಮಾಸ್ಟ್ರೇ. ಸತ್ತರೂ ಕೇಳಲ್ಲ!"

ಅವನು ನಕ್ಕುಬಿಟ್ಟ. ಗೇಟಿನ ರಿಜಿಸ್ಟರಿಗೆ ದಾರದಲ್ಲಿ ಕಟ್ಟಿದ್ದ ಪೆನ್ನು ಎಳೆದು, ಬಗ್ಗಿ ನಿಂತು, ಒಂಬತ್ತರ ಮುಂದೆ ನಿಧಾನವಾಗಿ ಬರೆದು ಅವಳಿಗೆ ತೋರಿಸಿದ.

'ಅನುಮಾನ ಬಂದರೆ ಮೊದಲು ನನ್ನನ್ನೇ ಕೇಳುವುದು. ನಿದ್ದೆ ಬಂದರೆ ಮೊದಲು ನಿದ್ದೆ.'

ಅದರ ಕೆಳಗೆ ಅವನ ಸಹಿ.

"ಇನ್ನೊಂದು ವಿಷಯ ಇದೇನಾ?"

"ಇದೇ. ಮೊದಲನೇ ದಿನದಿಂದ ಇದೇ. ಪೆನ್ನು ಬೇಕಾ ಮೇಡಂ?"

"ಮೇಡಂ ಅಲ್ಲ."

"ಪೆನ್ನು ಬೇಕಾ... ಉಷಾ?"

ಅವಳು ಸಹಿ ಹಾಕಿದಳು. ದಾರ ಗಿಡ್ಡವಿತ್ತು, ಇಬ್ಬರೂ ಒಂದೇ ಕಡೆ ಬಗ್ಗಿ ನಿಲ್ಲಬೇಕಾಯಿತು. ತಿಂಗಳು ತುಂಬಲು ಇನ್ನು ಹನ್ನೆರಡು ದಿನ, ಸಂಬಳ ತಗೊಂಡು ಬಂದುಬಿಡುತ್ತೇನೆ ಅಂದ ಅವನು. ಆ ಮಾತು ಕೇಳಿದ ಮೇಲೆ, ಮೂರು ಬಸ್ಸಿನ ಸುಸ್ತು ಅವಳ ಕಾಲಿಗೆ ಇಳಿಯಿತು. ಅವನು ತನ್ನ ಕುರ್ಚಿಯನ್ನು ಹೊಂಗೆ ಮರದ ನೆರಳಿಗೆ ಎಳೆದು, ಧೂಳು ಕೊಡವಿದ. ಅವಳು ಕೂತಳು. ಕಣ್ಣು ಆಗಲೇ ಎಳೆಯುತ್ತಿತ್ತು.

"ಕೋಟೆ ಬಸ್ ಎಷ್ಟೊತ್ತಿಗೆ?"

"ಇನ್ನೂ ಒಂದೂವರೆ ಗಂಟೆ ಇದೆ. ಮಲ್ಕೊಳ್ಳಿ."

"ಹಂಗೇ ಬಿಟ್ಟು ಹೋಗ್ಬಿಡ್ತೀರಾ?"

"ಇಲ್ಲ ಉಷಾ. ಈ ಸಲ ಎಬ್ಬಿಸ್ತೀನಿ."